ಮೊದಲು ತೂತು, ಆಮೇಲೆ ಅಂಚು: ಪಿಸಿಬಿ ವಿನ್ಯಾಸದಲ್ಲಿ ಮೌಂಟಿಂಗ್ ಹೋಲ್ ಮತ್ತು ಅಳತೆಯ ಲೆಕ್ಕ

ನೂರ ಇಪ್ಪತ್ತು ತೂತುಗಳನ್ನು ಸಣ್ಣ ದುಂಡು ಅರದಿಂದ ಉಜ್ಜಿ ಅಗಲ ಮಾಡಿದ ಒಂದು ಭಾನುವಾರವನ್ನು ನಾನು ಮರೆತಿಲ್ಲ. ಕೊಳವೆಬಾವಿಯ ಪಂಪಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೂರುವ ಪಿಸಿಬಿಗಳು, ಅಂದರೆ ಬಿಡಿಭಾಗಗಳನ್ನು ಬೆಸೆದು ಕೂರಿಸುವ ಸರ್ಕ್ಯೂಟ್ ಬೋರ್ಡುಗಳು ಅವು. ಮೂರು ಫೇಸ್‌ಗಳಲ್ಲಿ ಒಂದು ಹೋದರೆ, ಇಲ್ಲವೇ ಬಾವಿಯಲ್ಲಿ ನೀರು ಬತ್ತಿದರೆ ಮೋಟರನ್ನು ನಿಲ್ಲಿಸುವುದು ಅವುಗಳ ಕೆಲಸ. ಒಟ್ಟು ನಲವತ್ತು ಬೋರ್ಡು. ಸರ್ಕ್ಯೂಟ್ ಸರಿಯಾಗಿತ್ತು, ಬೆಸುಗೆ ಸರಿಯಾಗಿತ್ತು, ಮೇಜಿನ ಮೇಲೆ ಪರೀಕ್ಷೆಯೂ ಮುಗಿದಿತ್ತು. ಪೆಟ್ಟಿಗೆಯಲ್ಲಿ ಕೂರಿಸಲು ಹೋದಾಗ ಒಂದು ಮೂಲೆಯ ಸ್ಕ್ರೂ ಇಳಿಯಿತು, ಉಳಿದ ಮೂರು ಇಳಿಯಲಿಲ್ಲ.

ಪೆಟ್ಟಿಗೆ ತಯಾರಿಸಿದ್ದು ದಾವಣಗೆರೆಯ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ. ಬೋರ್ಡನ್ನು ಎತ್ತಿ ಹಿಡಿಯುವ ಸಣ್ಣ ಕಂಬಗಳ, ಅಂದರೆ ಸ್ಪೇಸರ್‌ಗಳ, ನಡುವಿನ ದೂರ ಕೇಳಿದಾಗ ಅಲ್ಲಿನ ಮೇಸ್ತ್ರಿ ಫೋನಿನಲ್ಲಿ ಹೇಳಿದ್ದರು: "ಸರ್, ಉದ್ದ ಮೂರೂವರೆ ಇಂಚಿಗೆ ಒಂದು ನೂಲು ಕಡಿಮೆ. ಅಗಲ ಎರಡೂವರೆ ಇಂಚಿಗೆ ಒಂದು ನೂಲು ಕಡಿಮೆ." ನಾನು ಇಂಚಿಗೆ 25 ಮಿ.ಮೀ., ನೂಲಿಗೆ 3 ಮಿ.ಮೀ. ಎಂದು ಬಾಯಿಲೆಕ್ಕ ಹಾಕಿ 84.5 ಮತ್ತು 59.5 ಎಂದು ಬರೆದುಕೊಂಡೆ. ನಿಜವಾದ ಅಳತೆ 85.725 ಮತ್ತು 60.325. ಮೇಸ್ತ್ರಿಯವರ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಗುಣಾಕಾರ. ಬೋರ್ಡಿನ ಗಾಜಿನ ನಾರಿನ ಪುಡಿ ಅಂಗೈಗೆ ಹತ್ತಿ ಎರಡು ದಿನ ತುರಿಸಿತು.

ಪಿಸಿಬಿ ಮಾಡಲು ಹೊರಟ ಡಿಪ್ಲೊಮಾ ವಿದ್ಯಾರ್ಥಿಗಳೂ ಸಣ್ಣ ತಯಾರಕರೂ ಮೌಂಟಿಂಗ್ ಹೋಲನ್ನು, ಅಂದರೆ ಬೋರ್ಡನ್ನು ಪೆಟ್ಟಿಗೆಗೆ ಬಿಗಿಯುವ ಸ್ಕ್ರೂವಿನ ತೂತನ್ನು, ಕೊನೆಗೆ, ಮೂಲೆಯಲ್ಲಿ ಉಳಿದ ಜಾಗದಲ್ಲಿ ಇಡುವುದನ್ನು ನೋಡುತ್ತಲೇ ಇದ್ದೇನೆ. ಅದು ಮೊದಲು ಆಗಬೇಕಾದ ಕೆಲಸ. ಬೋರ್ಡಿನ ಮೇಲಿನ ಬೇರೆಲ್ಲವನ್ನೂ ನೀವು ಎತ್ತ ಬೇಕಾದರೂ ಸರಿಸಬಹುದು. ಪೆಟ್ಟಿಗೆಯಲ್ಲಿ ಆಗಲೇ ನಿಂತಿರುವ ನಾಲ್ಕು ಸ್ಪೇಸರ್‌ಗಳನ್ನು ಸರಿಸಲಾಗದು.

ಇಂಚು, ಮಿಲ್, ನೂಲು

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು. ಇಲ್ಲಿ ನೂಲು ಎಂದರೆ ಹಿರಿಯರಿಗೆ ಮೊದಲು ನೆನಪಾಗುವುದು ದಾರ. ಆದರೆ ಬಡಗಿ, ಗಾರೆ ಕೆಲಸದವರು, ಕಬ್ಬಿಣ ಕಟ್ಟುವವರು, ಫ್ಯಾಬ್ರಿಕೇಶನ್ ಶೆಡ್ಡಿನವರು ನೂಲು ಎಂದರೆ ಇಂಚಿನ ಎಂಟನೇ ಒಂದು ಭಾಗ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು ದೇಶ ಮೆಟ್ರಿಕ್ ಪದ್ಧತಿಗೆ ಹೊರಳಿದರೂ ಈ ನೂಲು ಹರಿದಿಲ್ಲ. ಪೆಟ್ಟಿಗೆ ಮಾಡಿಸುವವರು ಅದನ್ನು ಕಲಿತೇ ತೀರಬೇಕು.

1959ರಿಂದ ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿ.ಮೀ. ಇದು ಒಪ್ಪಂದದಿಂದ ನಿಗದಿಯಾದ ಸಂಖ್ಯೆ, ದಶಾಂಶದ ಮುಂದೆ ಇನ್ನೇನೂ ಉಳಿದಿಲ್ಲ. ಹಾಗಾಗಿ ಒಂದು ನೂಲು 3.175 ಮಿ.ಮೀ. ಇಂಚಿನ ಸಾವಿರದ ಒಂದು ಭಾಗ ಮಿಲ್, ಅಂದರೆ 0.0254 ಮಿ.ಮೀ. ಲೇತ್ ಕೆಲಸದವರು ಥೌ ಎನ್ನುವುದೂ ಇದನ್ನೇ. ಮಿಲ್ ಎಂಬುದು ಮಿಲಿಮೀಟರಿನ ಮೊಟಕು ರೂಪವಲ್ಲ. ಈ ಒಂದು ಗೊಂದಲದಿಂದ ಹಾಳಾದ ವಿದ್ಯಾರ್ಥಿ ಬೋರ್ಡುಗಳನ್ನು ನಾನೇ ನೋಡಿದ್ದೇನೆ.

ಎಲೆಕ್ಟ್ರಾನಿಕ್ಸ್‌ನಲ್ಲಿ ಎರಡು ಪದ್ಧತಿಗಳೂ ಒಟ್ಟಿಗೆ ಬಾಳುತ್ತಿವೆ. ಎರಡು ಸಾಲು ಕಾಲುಗಳಿರುವ ಹಳೆಯ ಡಿಐಪಿ ಐಸಿಯ ಕಾಲುಗಳ ನಡುವೆ 100 ಮಿಲ್, ಅಂದರೆ 2.54 ಮಿ.ಮೀ. ಈಚಿನ ಸಣ್ಣ ಐಸಿಗಳಲ್ಲಿ 0.65 ಅಥವಾ 0.5 ಮಿ.ಮೀ. ತಂತಿ ಬಿಗಿಯುವ ಟರ್ಮಿನಲ್ ಕನೆಕ್ಟರ್ 5.08 ಮಿ.ಮೀ. ಅಂತರದಲ್ಲೂ ಸಿಗುತ್ತದೆ, 5.00 ಅಂತರದಲ್ಲೂ ಸಿಗುತ್ತದೆ. ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಒಂದೇ.

ಮಿ.ಮೀ. ಇರಬೇಕಾದಲ್ಲಿ ಇಂಚು ಬಿದ್ದರೆ ಬೋರ್ಡು 25 ಪಟ್ಟು ದೊಡ್ಡದಾಗುತ್ತದೆ. ಅದು ಪರದೆಯ ಮೇಲೆಯೇ ಕಾಣುತ್ತದೆ, ಯಾರೂ ಆ ತಪ್ಪನ್ನು ತಯಾರಿಕೆಗೆ ಕಳುಹಿಸುವುದಿಲ್ಲ. ಕಣ್ಣು ತಪ್ಪಿಸುವುದು ಇನ್ನೊಂದು. 5.08ರ ಜಾಗದಲ್ಲಿ 5.00, 2.54ರ ಜಾಗದಲ್ಲಿ 2.5, 1.27ರ ಜಾಗದಲ್ಲಿ 1.25, ಇಂಚಿಗೆ 25. ಈ ನಾಲ್ಕೂ ಒಂದೇ ತಪ್ಪಿನ ನಾಲ್ಕು ವೇಷ, ಸುಮಾರು ಶೇ 1.6ರಷ್ಟು. ಎರಡು ಕಾಲಿನ ಟರ್ಮಿನಲ್ಲಿಗೆ ಇದರಿಂದ ಏನೂ ಆಗದು. ಹನ್ನೆರಡು ಕಾಲಿನದಕ್ಕೆ ಹನ್ನೊಂದು ಅಂತರಗಳು ಕೂಡಿ 0.88 ಮಿ.ಮೀ. ಆಗುತ್ತದೆ, ಕೊನೆಯ ಕಾಲು ತೂತಿನೊಳಗೆ ಇಳಿಯುವುದಿಲ್ಲ. ನೂರು ಮಿ.ಮೀ. ದೂರದ ಎರಡು ಮೌಂಟಿಂಗ್ ಹೋಲ್‌ಗಳ ನಡುವೆ ಅದೇ ತಪ್ಪು 1.6 ಮಿ.ಮೀ. ಆಗಿ ನಿಲ್ಲುತ್ತದೆ.

ನನ್ನ ಪದ್ಧತಿ ಹೀಗೆ: ಪೆಟ್ಟಿಗೆ, ತೂತು, ಬೋರ್ಡಿನ ಅಂಚು ಎಲ್ಲವೂ ಮಿ.ಮೀ.ನಲ್ಲಿ. ಟ್ರ್ಯಾಕ್ (ವಿದ್ಯುತ್ ಹರಿಯುವ ತಾಮ್ರದ ಗೆರೆ) ಎಳೆಯುವಾಗ ಯಾರಿಗೆ ಮಿಲ್ ರೂಢಿಯೋ ಅವರು ಮಿಲ್‌ನಲ್ಲಿಯೇ ಎಳೆಯಲಿ, ಅದರಿಂದ ಕೇಡಿಲ್ಲ. ನೂಲಿನ ಅಳತೆ ಬಂದರೆ ಬಾಯಿಲೆಕ್ಕ ಬೇಡ. ಮೂರೂವರೆ ಇಂಚಿಗೆ ಒಂದು ನೂಲು ಕಡಿಮೆ ಎಂದರೆ 27 ನೂಲು, 27ನ್ನು 3.175ರಿಂದ ಗುಣಿಸಿ.

ಎಸ್‌ಎಂಡಿ, ಅಂದರೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ರೆಸಿಸ್ಟರ್, ಕೆಪಾಸಿಟರ್ ತರಿಸುವವರು ಇನ್ನೊಂದನ್ನು ಗಮನಿಸಬೇಕು. 0603 ಎಂಬ ಹೆಸರು ಇಂಚಿನ ಲೆಕ್ಕದಲ್ಲಿ 1.6 × 0.8 ಮಿ.ಮೀ. ಬಿಡಿಭಾಗ, ಮೆಟ್ರಿಕ್ ಲೆಕ್ಕದಲ್ಲಿ 0.6 × 0.3 ಮಿ.ಮೀ.ನ ಪುಡಿ. ಒಂದೇ ಸಂಖ್ಯೆ, ಎರಡು ಗಾತ್ರ. ಬೋರ್ಡು ವಿನ್ಯಾಸದ ತಂತ್ರಾಂಶವಾದ ಕೀಕ್ಯಾಡ್‌ನಲ್ಲಿ ಫುಟ್‌ಪ್ರಿಂಟ್‌ನ (ಬೋರ್ಡಿನ ಮೇಲೆ ಬಿಡಿಭಾಗ ಕೂರುವ ಜಾಗದ ನಕ್ಷೆ) ಹೆಸರಿನಲ್ಲಿ ಎರಡನ್ನೂ ಬರೆದಿರುತ್ತಾರೆ, ಓದಿ ಆರಿಸಿ.

ವರ್ನಿಯರ್ ಹಿಡಿಯುವ ಬಗೆ

ಫೋನಿನಲ್ಲಿ ಕೇಳಿದ ಅಳತೆಯನ್ನು ನಾನು ಈಗ ನೇರವಾಗಿ ವಿನ್ಯಾಸಕ್ಕೆ ಹಾಕುವುದಿಲ್ಲ. ಪೆಟ್ಟಿಗೆಯನ್ನೇ ತರಿಸಿ ಅಳೆಯುತ್ತೇನೆ. ಡಿಜಿಟಲ್ ವರ್ನಿಯರ್ ಇದ್ದರೆ ಮೊದಲು ದವಡೆ ಮುಚ್ಚಿ ಸೊನ್ನೆ ತೋರುತ್ತದೆಯೇ ನೋಡಿ. ಇಂಚು ಮತ್ತು ಮಿ.ಮೀ. ಬದಲಿಸುವ ಗುಂಡಿಗೆ ಬೆರಳು ತಾಗುವುದು ಸಹಜ, ಪರದೆಯ ಮೂಲೆಯಲ್ಲಿ ಯಾವುದು ಬರೆದಿದೆ ಎಂದು ಪ್ರತಿ ಸಲ ನೋಡಿ.

ತೂತಿನ ನಡುಬಿಂದುವಿನಿಂದ ಇನ್ನೊಂದರ ನಡುಬಿಂದುವಿಗೆ ಅಳತೆ ಬೇಕು. ಆದರೆ ನಡುಬಿಂದು ಎಂಬುದು ಗಾಳಿಯಲ್ಲಿದೆ, ಅದನ್ನು ವರ್ನಿಯರ್ ಕಚ್ಚಲಾರದು. ಆದ್ದರಿಂದ ಎರಡು ಸ್ಪೇಸರ್‌ಗಳಿಗೂ ಉದ್ದನೆಯ ಎಂ3 ಸ್ಕ್ರೂ ತಿರುಗಿಸಿ ನೆಟ್ಟಗೆ ನಿಲ್ಲಿಸಿ. ಮೊದಲು ಎರಡು ಸ್ಕ್ರೂಗಳ ಹೊರಅಂಚಿನಿಂದ ಹೊರಅಂಚಿಗೆ ಅಳೆಯಿರಿ, ನಂತರ ಒಳಅಂಚಿನಿಂದ ಒಳಅಂಚಿಗೆ. ಎರಡನ್ನೂ ಕೂಡಿ ಅರ್ಧ ಮಾಡಿ. ನನಗೆ ಹೊರಗೆ 88.62, ಒಳಗೆ 82.82 ಬಂದಿತ್ತು. ಕೂಡಿದರೆ 171.44, ಅರ್ಧ 85.72. ಮೇಸ್ತ್ರಿಯವರ 27 ನೂಲು ಅಲ್ಲಿ ಮಿ.ಮೀ.ನ ನೂರನೇ ಒಂದು ಭಾಗದ ಅಂತರದಲ್ಲಿ ಕುಳಿತಿತ್ತು. ಸ್ಕ್ರೂವಿನ ದಪ್ಪ ಎಷ್ಟು ಎಂದು ತಿಳಿಯಬೇಕಾಗಿಯೇ ಇಲ್ಲ, ಅರ್ಧ ಮಾಡಿದಾಗ ಅದು ತಾನಾಗಿ ಕಳೆದುಹೋಗುತ್ತದೆ.

ಉದ್ದ ಅಗಲ ಆದ ಮೇಲೆ ಮೂಲೆಯಿಂದ ಮೂಲೆಗೂ ಹೀಗೆಯೇ ಅಳೆಯಬೇಕು, ಎರಡು ಕರ್ಣಗಳನ್ನೂ. ಮನೆಗೆ ಪಾಯ ಗುರುತು ಹಾಕುವಾಗ ಮೇಸ್ತ್ರಿಗಳು ಮೂಲೆಯಿಂದ ಮೂಲೆಗೆ ದಾರ ಹಿಡಿಯುವುದು ಇದಕ್ಕೇ. ನಾಲ್ಕು ಬದಿ ಸರಿಯಿದ್ದೂ ಆಕಾರ ಓರೆಯಾಗಿರಬಹುದು. ನನ್ನ ಪೆಟ್ಟಿಗೆಯಲ್ಲಿ ಎರಡು ಕರ್ಣಗಳೂ 104.82ರ ಹತ್ತಿರ ಇರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಅದು ಪೆಟ್ಟಿಗೆಯ ದೋಷ, ಬೋರ್ಡು ಮಾಡುವ ಮೊದಲೇ ಹೇಳಿ ಸರಿಪಡಿಸಿಕೊಳ್ಳಿ.

ಎಷ್ಟು ಸಡಿಲ ಬೇಕು

ಎಂ3 ಸ್ಕ್ರೂವಿನ ದಪ್ಪ 3 ಮಿ.ಮೀ. ಅದಕ್ಕೆ ತೂತು ಎಷ್ಟಿರಬೇಕು ಎಂಬುದಕ್ಕೆ ಐಎಸ್‌ಒ 273 ಎಂಬ ಮಾನಕದಲ್ಲಿ ಮೂರು ಸಂಖ್ಯೆಗಳಿವೆ: ಬಿಗಿಯಾದ ಕೆಲಸಕ್ಕೆ 3.2, ಸಾಮಾನ್ಯಕ್ಕೆ 3.4, ಒರಟು ಕೆಲಸಕ್ಕೆ 3.6. ಎಂ4ಕ್ಕೆ ಇವು 4.3, 4.5 ಮತ್ತು 4.8. ಕೀಕ್ಯಾಡ್‌ನ ಗ್ರಂಥಾಲಯದಲ್ಲಿ ಎಂ3 ಎಂದು ಸಿಗುವುದು 3.2ರ ತೂತು, ಅಂದರೆ ಬಿಗಿಯಾದದ್ದು.

3.2ರ ತೂತಿನಲ್ಲಿ 3ರ ಸ್ಕ್ರೂ ಸುತ್ತಲೂ 0.1 ಮಿ.ಮೀ. ಸರಿದಾಡಬಲ್ಲದು. ಎರಡು ತೂತಿಗೂ ಸೇರಿ 0.2. ಸ್ಪೇಸರ್‌ಗಳ ದೂರಕ್ಕೂ ನಿಮ್ಮ ತೂತುಗಳ ದೂರಕ್ಕೂ ಇಷ್ಟರೊಳಗಿನ ವ್ಯತ್ಯಾಸವಿದ್ದರೆ ಬೋರ್ಡು ಕೂರುತ್ತದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಪೆಟ್ಟಿಗೆಗೆ ಇಷ್ಟು ಸಾಕು. ಕೈಯಿಂದ ಪಂಚ್ ಮಾಡಿ ಡ್ರಿಲ್ ಹಾಕಿದ ತಗಡಿನ ಪೆಟ್ಟಿಗೆಗೆ ಸಾಲದು. ಅಂಥ ಪೆಟ್ಟಿಗೆಗೆ ನಾನು 3.4 ಇಡುತ್ತೇನೆ. ಆಗ ಒಟ್ಟು 0.4ರ ಅವಕಾಶ ಸಿಗುತ್ತದೆ. ನನ್ನ ಬಾಯಿಲೆಕ್ಕದ ತಪ್ಪು 1.225 ಮಿ.ಮೀ. ಇತ್ತು, ಅದನ್ನು ಯಾವ ಸಡಿಲವೂ ನುಂಗುತ್ತಿರಲಿಲ್ಲ.

ಇದಕ್ಕಿಂತ ಹೆಚ್ಚಾಗಿ ಜನ ಎಡವುವುದು ವಾಷರ್‌ನಲ್ಲಿ. ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ತಂದ ಎಂ3 ವಾಷರ್ ಒಂದನ್ನು ಬೆರಳ ಮೇಲಿಟ್ಟು ಅಳೆಯಿರಿ: ಒಳಗೆ 3.2, ಹೊರಗೆ 7 ಮಿ.ಮೀ. ಕೀಕ್ಯಾಡ್‌ನ ಎಂ3 ಫುಟ್‌ಪ್ರಿಂಟಿನಲ್ಲಿ ತೂತಿನ ಸುತ್ತ ಬರೆದಿರುವ ವೃತ್ತ 6.4 ಮಿ.ಮೀ., ಅದರ ಹೊರಗಿನ ಕಾಯ್ದಿಟ್ಟ ಗೆರೆ 6.9 ಮಿ.ಮೀ. ವಾಷರ್ ಎರಡನ್ನೂ ದಾಟುತ್ತದೆ. ಗೆರೆಗೆ ತಾಗಿಸಿ ರೆಸಿಸ್ಟರ್ ಇಟ್ಟರೆ ಕಂಪ್ಯೂಟರ್ ಸುಮ್ಮನಿರುತ್ತದೆ, ವಾಷರ್ ಅದರ ಮೇಲೆ ಹತ್ತಿ ಕೂರುತ್ತದೆ. ಟ್ರ್ಯಾಕ್ ಹಾಯಿಸಿದ್ದರೆ ಇನ್ನೂ ಕೆಟ್ಟದ್ದು. ತಾಮ್ರದ ಮೇಲಿನ ಹಸಿರು ಲೇಪ ಬಣ್ಣವಷ್ಟೇ, ಅದನ್ನು ವಿದ್ಯುತ್ ನಿರೋಧಕವೆಂದು ನಂಬಬಾರದು. ಸ್ಕ್ರೂ ಬಿಗಿ ಮಾಡುವಾಗ ವಾಷರ್ ತಿರುಗಿ ಲೇಪ ಕೆರೆದುಹೋಗುತ್ತದೆ, ಕೆಳಗಿನ ತಾಮ್ರ ಪೆಟ್ಟಿಗೆಯ ಮೈಗೆ ಸೇರಿಕೊಳ್ಳುತ್ತದೆ.

ಬೋರ್ಡಿನ ಅಡಿಯಲ್ಲಿ ಏನಿದೆ ಎಂದೂ ನೋಡಬೇಕು. 5.5 ಮಿ.ಮೀ. ಷಟ್ಕೋನದ ಹಿತ್ತಾಳೆ ಸ್ಪೇಸರ್ ಮೂಲೆಯಿಂದ ಮೂಲೆಗೆ 6.35 ಮಿ.ಮೀ. ಇರುತ್ತದೆ, ಅದರ ಮೂಲೆ ಎತ್ತ ನಿಲ್ಲುತ್ತದೆ ಎಂದು ಮೊದಲೇ ಹೇಳಲಾಗದು. ಆದ್ದರಿಂದ ಎರಡೂ ಮುಖಗಳಲ್ಲಿ, ತೂತನ್ನು ನಡುವಿಟ್ಟು 8 ಮಿ.ಮೀ. ಚೌಕದಷ್ಟು ಜಾಗವನ್ನು ಖಾಲಿ ಬಿಡುತ್ತೇನೆ.

ಇದು ಕಡಿಮೆ ವೋಲ್ಟೇಜಿನ ಮಾತಾಯಿತು. ಪಂಪಿನ ಬೋರ್ಡಿಗೆ 415 ವೋಲ್ಟ್ ಬರುತ್ತದೆ. ತಗಡಿನ ಪೆಟ್ಟಿಗೆ ನೆಲದ ಅರ್ತ್‌ಗೆ ಸೇರಿರುತ್ತದೆ, ಸ್ಕ್ರೂವೂ ಅದರೊಂದಿಗೆ ಸೇರಿರುತ್ತದೆ. ಜಗಳೂರಿನ ಕಡೆ ಬೇಸಿಗೆಯಲ್ಲಿ ಪೆಟ್ಟಿಗೆ ತೆರೆದರೆ ಬೋರ್ಡಿನ ಮೇಲೆ ಕೆಂಧೂಳಿನ ಪದರ ಕಾಣುತ್ತದೆ. ಮಳೆಗಾಲದ ತೇವ ಅದಕ್ಕೆ ಸೇರಿತೆಂದರೆ ಆ ಧೂಳೇ ವಿದ್ಯುತ್ತಿಗೆ ದಾರಿ. ಹೀಗಾಗಿ ವಾಷರ್‌ನ ಅಂಚಿನಿಂದ ಮೇನ್ಸ್ ಹರಿಯುವ ತಾಮ್ರಕ್ಕೆ ಕನಿಷ್ಠ 8 ಮಿ.ಮೀ. ಬಿಡುತ್ತೇನೆ. ತೂತಿನ ಅಂಚಿನಿಂದ ಅಲ್ಲ, ವಾಷರ್‌ನ ಅಂಚಿನಿಂದ. ಅಷ್ಟು ಜಾಗ ಸಿಗದ ಮೂಲೆಯಲ್ಲಿ ನೈಲಾನ್ ಸ್ಪೇಸರ್ ಮತ್ತು ನೈಲಾನ್ ಸ್ಕ್ರೂ ಹಾಕುತ್ತೇನೆ. ಪಂಪಿನ ಪೆಟ್ಟಿಗೆಯನ್ನು ಒದ್ದೆ ಕೈಯಲ್ಲಿ ಮುಟ್ಟುವವರು ರೈತರು. ಈ ಅಂತರದಲ್ಲಿ ಚೌಕಾಸಿ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಕೀಕ್ಯಾಡ್‌ನಲ್ಲಿ ಹೆಜ್ಜೆ ಹೆಜ್ಜೆಯಾಗಿ

1992ರಲ್ಲಿ ಫ್ರಾನ್ಸಿನ ಜ್ಯಾಂ-ಪಿಯೆರ್ ಶರಾ ಆರಂಭಿಸಿದ ಕೀಕ್ಯಾಡ್ ಇಂದು ಹಣ ಕೊಡದೆ ಬಳಸಬಹುದಾದ ಗಟ್ಟಿ ಸಾಧನ. ನಮ್ಮ ಕಡೆಯ ಕಾಲೇಜುಗಳ ಮಕ್ಕಳು ಇದನ್ನೇ ಕಲಿತರೆ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಆದ್ದರಿಂದ ಇಲ್ಲಿನ ಕೀಲಿಗಳೂ ಮೆನುಗಳೂ ಅದರವೇ.

ಆರಂಭ ಸರ್ಕ್ಯೂಟ್ ನಕ್ಷೆಯಿಂದ. ಬೋರ್ಡಿನ ಪರದೆಯಲ್ಲಿ ನೇರವಾಗಿ ತೂತು ತಂದಿಡಲು ಬರುತ್ತದೆ, ಆದರೆ ಬೇಡ. ನಕ್ಷೆಯಲ್ಲಿ ಇಲ್ಲದ ಫುಟ್‌ಪ್ರಿಂಟ್‌ಗಳನ್ನು ಅಳಿಸು ಎಂಬ ಆಯ್ಕೆಗೆ ಟಿಕ್ ಬಿದ್ದಿರುವಾಗ ಎಫ್8 ಒತ್ತಿ ಬೋರ್ಡನ್ನು ನವೀಕರಿಸಿದರೆ ಅಂಥ ತೂತುಗಳು ಮಾಯವಾಗಬಹುದು. ನಕ್ಷೆಯಲ್ಲಿ ಎ ಒತ್ತಿ ‘ಮೆಕ್ಯಾನಿಕಲ್’ ಗ್ರಂಥಾಲಯದಿಂದ ‘ಮೌಂಟಿಂಗ್‌ಹೋಲ್’ ಚಿಹ್ನೆಯನ್ನು ನಾಲ್ಕು ಸಲ ಇಡಿ. ಅರ್ತ್‌ಗೆ ಸೇರಬೇಕಾದ ತೂತಾದರೆ ಹೆಸರಿನ ಕೊನೆಯಲ್ಲಿ ‘ಪ್ಯಾಡ್’ ಇರುವ ಚಿಹ್ನೆ, ಅದಕ್ಕೆ ತಂತಿ ಜೋಡಿಸುವ ಒಂದು ಕಾಲಿರುತ್ತದೆ.

ಈಗ ಫುಟ್‌ಪ್ರಿಂಟ್. ಪಟ್ಟಿಯಲ್ಲಿ ಒಂದೇ ಎಂ3ಕ್ಕೆ ಹಲವು ಹೆಸರುಗಳಿವೆ. ಬರಿಯ ತೂತು ಬೇಕಾದರೆ ಹೆಸರಿನಲ್ಲಿ ಬೇರೇನೂ ಇಲ್ಲದ 3.2 ಮಿ.ಮೀ. ಎಂ3. ಪ್ಲಾಸ್ಟಿಕ್ ಪೆಟ್ಟಿಗೆಗೆ ಇದೇ ಸರಿ, ಇದರ ಒಳಗೋಡೆಗೆ ತಾಮ್ರದ ಲೇಪ ಇರುವುದಿಲ್ಲ. ಸುತ್ತ ತಾಮ್ರದ ಬಳೆಯೂ ಒಳಗೆ ಲೇಪವೂ ಬೇಕಾದರೆ ‘ಪ್ಯಾಡ್’. ಆ ಬಳೆಯ ಮೇಲೆ ಎಂಟು ಸಣ್ಣ ವಯಾಗಳನ್ನೂ (ಮೇಲಿನ ಮತ್ತು ಕೆಳಗಿನ ತಾಮ್ರವನ್ನು ಸೇರಿಸುವ ಲೇಪಿತ ತೂತುಗಳು) ಹೊಂದಿರುವುದು ‘ಪ್ಯಾಡ್ ವಯಾ’. ಅರ್ತ್‌ಗೆ ಸೇರಿಸುವ ತೂತಿಗೆ ನಾನು ಬಳಸುವುದು ಈ ಕೊನೆಯದನ್ನೇ. ಸ್ಕ್ರೂವಿನ ಹಲ್ಲುಗಳು ತೂತಿನ ಒಳಗೋಡೆಯ ತೆಳುವಾದ ತಾಮ್ರವನ್ನು ಕೆರೆದು ಹರಿದರೂ ಮೇಲಿನ ಮತ್ತು ಕೆಳಗಿನ ತಾಮ್ರಗಳ ಸಂಬಂಧ ಆ ಎಂಟು ವಯಾಗಳಲ್ಲಿ ಉಳಿಯುತ್ತದೆ. ನಾಲ್ಕು ತೂತುಗಳಲ್ಲಿ ಒಂದನ್ನು ಮಾತ್ರ ಅರ್ತ್‌ಗೆ ಸೇರಿಸಿ ಉಳಿದವನ್ನು ಬರಿಯ ತೂತಾಗಿ ಬಿಡುವುದು ನನ್ನ ರೂಢಿ.

3.4 ಬೇಕಾದವರು ಬರಿಯ ತೂತಿನ ಫುಟ್‌ಪ್ರಿಂಟನ್ನು ತಮ್ಮದೇ ಗ್ರಂಥಾಲಯಕ್ಕೆ ನಕಲು ಮಾಡಿ, ಪ್ಯಾಡಿನ ಗುಣಗಳಲ್ಲಿ ತೂತಿನ ಗಾತ್ರವನ್ನೂ ಪ್ಯಾಡಿನ ಗಾತ್ರವನ್ನೂ 3.4 ಮಾಡಿ. ಅಲ್ಲಿಯೇ, ಅದೇ ನಕಲಿಗೆ, 8 ಮಿ.ಮೀ. ಚೌಕದ ‘ರೂಲ್ ಏರಿಯಾ’ ಒಂದನ್ನು ಎಲ್ಲ ತಾಮ್ರದ ಪದರಗಳಿಗೂ ಅನ್ವಯಿಸುವಂತೆ ಬರೆಯಿರಿ. ಟ್ರ್ಯಾಕ್ ಬೇಡ, ವಯಾ ಬೇಡ, ತಾಮ್ರದ ಭರ್ತಿ ಬೇಡ, ಬಿಡಿಭಾಗ ಬೇಡ ಎಂಬವಕ್ಕೆ ಟಿಕ್ ಹಾಕಿ, ಆದರೆ ತೂತಿನದೇ ಪ್ಯಾಡನ್ನು ತಡೆಯುವ ಆಯ್ಕೆಯನ್ನು ಖಾಲಿ ಬಿಡಿ. ಇನ್ನು ಮುಂದೆ ತೂತು ಎಲ್ಲಿಗೆ ಹೋದರೂ ಖಾಲಿ ಜಾಗ ಅದರ ಜೊತೆಗೇ ಹೋಗುತ್ತದೆ. ಒಮ್ಮೆ ಮಾಡಿಟ್ಟರೆ ವರ್ಷಗಟ್ಟಲೆ ಬಳಕೆಗೆ ಬರುವ ಕೆಲಸ ಇದು.

ಬೋರ್ಡಿನ ಪರದೆಗೆ ಬನ್ನಿ. ಕಂಟ್ರೋಲ್ ಜೊತೆ ಯು ಒತ್ತಿದರೆ ಮಾನ ಬದಲಾಗುತ್ತದೆ. ಮಿ.ಮೀ.ಗೆ ತನ್ನಿ. ಹೀಗೆ ಹಿಂದೆ ಮುಂದೆ ಬದಲಿಸಿದರೆ ಅಳತೆ ಕೆಡುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕೆಡುವುದಿಲ್ಲ. ಬೋರ್ಡಿನ ಒಳಗಿನ ಲೆಕ್ಕವೆಲ್ಲ ನ್ಯಾನೋಮೀಟರಿನ ಪೂರ್ಣಸಂಖ್ಯೆಗಳಲ್ಲಿ ನಡೆಯುತ್ತದೆ, ಒಂದು ಮಿಲ್ ಅಲ್ಲಿ ಸರಿಯಾಗಿ 25,400 ನ್ಯಾನೋಮೀಟರ್. ಬದಲಾಗುವುದು ತೋರಿಸುವ ರೀತಿ ಮಾತ್ರ. ಆದರೆ ಸಂಖ್ಯೆ ತುಂಬುವ ಪೆಟ್ಟಿಗೆಯಲ್ಲಿ ಬರಿಯ 3.2 ಎಂದು ಬರೆದರೆ ಆ ಹೊತ್ತಿಗೆ ಯಾವ ಮಾನ ತೋರುತ್ತಿದೆಯೋ ಅದರಲ್ಲೇ ಓದುತ್ತದೆ. ಮಿಲ್ ತೋರುತ್ತಿದ್ದರೆ ಕೂದಲಿನಷ್ಟು ತೂತಾಗುತ್ತದೆ. ಸಂಖ್ಯೆಯ ಹಿಂದೆಯೇ ಮಾನವನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಇಂಚು, ಮಿಲ್, ಮಿ.ಮೀ. ಯಾವುದನ್ನು ಬರೆದರೂ ಅದೇ ಪರಿವರ್ತಿಸಿಕೊಳ್ಳುತ್ತದೆ. ಲೆಕ್ಕವನ್ನೂ ಅಲ್ಲಿಯೇ ಮಾಡುತ್ತದೆ: ಮಿ.ಮೀ. ತೋರುತ್ತಿರುವಾಗ 27*3.175 ಎಂದು ಬರೆದು ಎಂಟರ್ ಒತ್ತಿದರೆ 85.725 ಆಗುತ್ತದೆ. ಈ ಸೌಲಭ್ಯ ನನಗೆ ಮೊದಲೇ ತಿಳಿದಿದ್ದರೆ ಆ ಭಾನುವಾರ ಉಳಿಯುತ್ತಿತ್ತು.

ಮೊದಲ ತೂತನ್ನು ಹಾಳೆಯ ಮೇಲೆ ಅನುಕೂಲವಾದಲ್ಲಿ ಇಟ್ಟು, ಅದರ ನಡುವಿನ ಮೇಲೆ ಕರ್ಸರ್ ತಂದು ಎಸ್ ಒತ್ತಿ. ಗ್ರಿಡ್ಡಿನ ಮೂಲಬಿಂದು ಅಲ್ಲಿಗೆ ಬರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಮೂಲಬಿಂದು ಮತ್ತು ಅಕ್ಷಗಳ ಪುಟಕ್ಕೆ ಹೋಗಿ, ಅಳತೆಗಳನ್ನು ಗ್ರಿಡ್ಡಿನ ಮೂಲಬಿಂದುವಿನಿಂದ ತೋರಿಸುವಂತೆ ಬದಲಿಸಿ. ಏನೂ ಬದಲಿಸದಿದ್ದರೆ ಕೀಕ್ಯಾಡ್‌ನಲ್ಲಿ ವೈ ಅಕ್ಷ ಕೆಳಗೆ ಹೋದಂತೆ ಹೆಚ್ಚುತ್ತದೆ. ಗಣಿತದ ಪಾಠದಂತೆ ಮೇಲೆ ಹೆಚ್ಚಬೇಕೆಂದರೆ ಅದನ್ನೂ ಅದೇ ಪುಟದಲ್ಲಿ ಬದಲಿಸಬಹುದು. ಯಾವುದಾದರೂ ಸರಿ, ಕೆಲಸದ ನಡುವೆ ಬದಲಿಸಬೇಡಿ.

ಮೊದಲ ತೂತು ಈಗ 0, 0. ಎರಡನೆಯದನ್ನು ಆರಿಸಿ ಇ ಒತ್ತಿ, ಸ್ಥಾನದ ಪೆಟ್ಟಿಗೆಗಳಲ್ಲಿ 85.725 ಮತ್ತು 0 ಬರೆಯಿರಿ. ಮೂರನೆಯದಕ್ಕೆ 0 ಮತ್ತು 60.325. ನಾಲ್ಕನೆಯದಕ್ಕೆ ಎರಡೂ. ಮೌಸಿನಲ್ಲಿ ಎಳೆದು ಇಡಬೇಡಿ, ಎಳೆದರೆ ಹತ್ತಿರದ ಗ್ರಿಡ್ಡಿಗೆ ಅಂಟಿಕೊಳ್ಳುತ್ತದೆ. ಗ್ರಿಡ್ 50 ಮಿಲ್ ಇದ್ದರೆ ನಿಮ್ಮ 85.725 ಹೋಗಿ 85.09 ಅಥವಾ 86.36 ಆಗುತ್ತದೆ. ಒಂದು ತೂತಿನಿಂದ ಇನ್ನೊಂದನ್ನು ಇಂತಿಷ್ಟು ದೂರ ಎಂದು ಇಡಲು ಶಿಫ್ಟ್ ಜೊತೆ ಪಿ ಇದೆ. ನಾಲ್ಕೂ ಕುಳಿತ ಮೇಲೆ ಆರಿಸಿ ಎಲ್ ಒತ್ತಿ ಬೀಗ ಹಾಕಿ. ಕಂಟ್ರೋಲ್, ಶಿಫ್ಟ್, ಎಂ ಒಟ್ಟಿಗೆ ಒತ್ತಿದರೆ ಬರುವ ಅಳತೆಪಟ್ಟಿಯಿಂದ ಕರ್ಣವನ್ನು ಒಮ್ಮೆ ಅಳೆಯಿರಿ. 104.82 ಬಂತೇ? ಮುಂದೆ ಹೋಗಿ.

ಬೋರ್ಡಿನ ಅಂಚನ್ನು ಎಳೆಯುವ ಸರದಿ ಈಗಷ್ಟೇ ಬರುತ್ತದೆ. ‘ಎಡ್ಜ್ ಕಟ್ಸ್’ ಪದರದಲ್ಲಿ, ತೂತಿನ ನಡುವಿನಿಂದ ಹೊರಕ್ಕೆ ನಾಲ್ಕೂಮುಕ್ಕಾಲು ಐದು ಮಿ.ಮೀ. ಬಿಟ್ಟು ಆಯತ ಎಳೆಯಿರಿ. ಎಲ್ಲರೂ ಮೊದಲು 95 × 70 ಎಂದು ದುಂಡು ಸಂಖ್ಯೆಯ ಅಂಚು ಎಳೆದು, ಮೂಲೆಯಿಂದ ಐದೈದು ಒಳಗೆ ತೂತು ಇಡುತ್ತಾರೆ. ಹಾಗೆ ಮಾಡಿದರೆ ತೂತುಗಳ ದೂರ 85 × 60 ಆಗಿಬಿಡುತ್ತದೆ, ಪೆಟ್ಟಿಗೆ ಅದನ್ನು ಒಪ್ಪುವುದಿಲ್ಲ. ಅಂಚು ಅರ್ಧ ಮಿ.ಮೀ. ಆಚೀಚೆ ಆದರೆ ಪೆಟ್ಟಿಗೆಗೆ ಗೊತ್ತೂ ಆಗುವುದಿಲ್ಲ.

ಎಲ್ಲಿ, ಎಷ್ಟು

ನಾಲ್ಕು ಮೂಲೆಗೆ ನಾಲ್ಕು ಎಂಬುದು ಸಾಮಾನ್ಯ. ಆದರೆ ಬೋರ್ಡಿನ ನಡುವೆ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಪಕ್ಕದಲ್ಲಿ ಐದನೆಯದೊಂದು ಬೇಕು. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟರಿಗೆ ವಿದ್ಯುತ್ ಕೊಡುವ ಸ್ವಿಚ್ಚು) ಪ್ರತಿ ಸಲ ಬಡಿದು ಕೂರುವಾಗ ಇಡೀ ಪೆಟ್ಟಿಗೆ ಅದುರುತ್ತದೆ, 1.6 ಮಿ.ಮೀ. ದಪ್ಪದ ಬೋರ್ಡು ನಡುವಿನಲ್ಲಿ ಕುಣಿಯುತ್ತದೆ, ಕೆಲವು ತಿಂಗಳಲ್ಲಿ ಟ್ರಾನ್ಸ್‌ಫಾರ್ಮರಿನ ಕಾಲಿನ ಬೆಸುಗೆಯ ಸುತ್ತ ಉಂಗುರದಂತೆ ಬಿರುಕು ಬರುತ್ತದೆ. ಟರ್ಮಿನಲ್‌ಗಳ ಹತ್ತಿರವೂ ಆಧಾರ ಇರಬೇಕು. ತಂತಿ ಬಿಗಿಯುವವರು ಸ್ಕ್ರೂಡ್ರೈವರಿನ ಮೇಲೆ ಮೈಭಾರ ಹಾಕುತ್ತಾರೆ.

ಸೆರಾಮಿಕ್ ಚಿಪ್ ಕೆಪಾಸಿಟರ್‌ಗಳನ್ನು ತೂತಿನಿಂದ ದೂರ ಇಡಿ. ಸ್ಕ್ರೂ ಬಿಗಿಯುವಾಗ ಬೋರ್ಡು ಅಲ್ಲಿ ಬಾಗುತ್ತದೆ, ಸೆರಾಮಿಕ್ ಬಾಗಲಾರದು, ಒಳಗೇ ಬಿರಿಯುತ್ತದೆ. ಆ ಬಿರುಕು ಹೊರಗೆ ಕಾಣುವುದಿಲ್ಲ, ಮೇಜಿನ ಪರೀಕ್ಷೆಯನ್ನೂ ದಾಟಿಬಿಡಬಹುದು.

ಇನ್ನೊಂದು ಉಪಾಯವನ್ನು ಪೆಟ್ಟಿಗೆಯೂ ನಿಮ್ಮದೇ ವಿನ್ಯಾಸವಾದಾಗ ಮಾಡಬಹುದು. ನಾಲ್ಕು ತೂತುಗಳಲ್ಲಿ ಒಂದನ್ನು ಬೇಕೆಂದೇ ಐದಾರು ಮಿ.ಮೀ. ಸರಿಸಿ. ಬೋರ್ಡನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಲು ಆಗಬಾರದು. ಚನ್ನಗಿರಿ ಕಡೆಯ ತೋಟದಲ್ಲಿ ರಾತ್ರಿ ಟಾರ್ಚ್ ಬೆಳಕಿನಲ್ಲಿ ಬೋರ್ಡು ಬದಲಿಸುವ ಎಲೆಕ್ಟ್ರಿಷಿಯನ್‌ಗೆ ಇದು ದೊಡ್ಡ ಉಪಕಾರ.

ಕಳುಹಿಸುವ ಮುನ್ನ

ಬೋರ್ಡನ್ನು ಒಂದಕ್ಕೊಂದು ಅಳತೆಯಲ್ಲಿ ಕಾಗದಕ್ಕೆ ಮುದ್ರಿಸಿ. ಮುದ್ರಣದ ಕಿಟಕಿಯಲ್ಲಿ ಪುಟಕ್ಕೆ ಹೊಂದಿಸು ಎಂಬ ಆಯ್ಕೆಯನ್ನು ತೆಗೆದು ಶೇ 100 ಮಾಡಿ, ಇಲ್ಲದಿದ್ದರೆ ಪ್ರಿಂಟರ್ ಕುಗ್ಗಿಸಿಬಿಡುತ್ತದೆ. ಬೋರ್ಡಿನ ಪಕ್ಕದಲ್ಲಿ ಸರಿಯಾಗಿ 100 ಮಿ.ಮೀ. ಗೆರೆಯೊಂದನ್ನು ಎಳೆದಿಟ್ಟು, ಮುದ್ರಿಸಿದ ಮೇಲೆ ಅದನ್ನೇ ವರ್ನಿಯರ್‌ನಿಂದ ಅಳೆಯಿರಿ. ಸರಿ ಬಂದರೆ ಕಾಗದವನ್ನು ಹಳೆಯ ಮದುವೆ ಕರೆಯೋಲೆಯ ದಪ್ಪ ರಟ್ಟಿಗೆ ಅಂಟಿಸಿ, ತೂತುಗಳನ್ನು ಕೊರೆದು, ಪೆಟ್ಟಿಗೆಯಲ್ಲಿಟ್ಟು ಸ್ಕ್ರೂ ಹಾಕಿ ನೋಡಿ. ಟರ್ಮಿನಲ್‌ಗಳನ್ನೂ ರಟ್ಟಿಗೆ ಚುಚ್ಚಿ ನೋಡಿ, 5.00 ಮತ್ತು 5.08ರ ಜಗಳ ಇಲ್ಲಿಯೇ ಬಯಲಾಗುತ್ತದೆ. ಹತ್ತು ನಿಮಿಷದ ಕೆಲಸ ಇದು, ನನ್ನ ಇಡೀ ಭಾನುವಾರದ ಬೆಲೆಯದು.

ಕೊನೆಯಲ್ಲಿ, ಬೋರ್ಡು ತಯಾರಕರಿಗೆ ಕಳುಹಿಸುವ ಕಡತಗಳು. ಡ್ರಿಲ್ ಕಡತವನ್ನು ಮಿ.ಮೀ.ನಲ್ಲಿ, ಸೊನ್ನೆಗಳ ವಿಷಯದಲ್ಲಿ ದಶಾಂಶ ರೂಪದಲ್ಲಿ ಹೊರತೆಗೆಯಿರಿ. ಮುಂದಿನ ಅಥವಾ ಹಿಂದಿನ ಸೊನ್ನೆ ಅಳಿಸುವ ಹಳೆಯ ರೂಪಗಳನ್ನು ತಯಾರಕರ ಯಂತ್ರ ತಪ್ಪಾಗಿ ಓದಿದರೆ ತೂತು ಹತ್ತು ಪಟ್ಟು ದೂರಕ್ಕೆ ಹೋಗಿ ಬೀಳುತ್ತದೆ. ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಲು ಹೆದರಬೇಡಿ, ಅದು ಬರಿಯ ಅಕ್ಷರ. ಆರಂಭದ ಸಾಲುಗಳಲ್ಲಿ ‘ಮೆಟ್ರಿಕ್’ ಎಂಬ ಪದವೂ, ಸ್ವಲ್ಪ ಕೆಳಗೆ ಡ್ರಿಲ್ಲಿನ ಸಂಖ್ಯೆಯ ಪಕ್ಕ ನಿಮ್ಮ ತೂತಿನ ಗಾತ್ರವೂ ಇರಬೇಕು. 3.2ರ ತೂತಿಗೆ 0.126 ಎಂದಿದ್ದರೆ ಅದು ಇಂಚಿನಲ್ಲಿದೆ ಎಂದರ್ಥ. ಬೋರ್ಡಿನ ಪದರಗಳ ಚಿತ್ರವಿರುವ ಗರ್ಬರ್ ಕಡತದಲ್ಲಿ ‘ಎಂಓಎಂಎಂ’ ಎಂಬ ನಾಲ್ಕು ಅಕ್ಷರ ಮಿ.ಮೀ.ಗೆ ಗುರುತು, ‘ಎಂಓಐಎನ್’ ಇಂಚಿಗೆ.

ಕೀಕ್ಯಾಡ್ ಸಾಮಾನ್ಯವಾಗಿ ತಾಮ್ರದ ಲೇಪವಿರುವ ತೂತುಗಳಿಗೆ ಒಂದು, ಲೇಪವಿಲ್ಲದ ತೂತುಗಳಿಗೆ ಇನ್ನೊಂದು ಎಂದು ಎರಡು ಡ್ರಿಲ್ ಕಡತ ಕೊಡುತ್ತದೆ. ಎರಡನೆಯದನ್ನು ಜಿಪ್‌ಗೆ ಸೇರಿಸಲು ಮರೆತರೆ ಬೋರ್ಡು ಮೌಂಟಿಂಗ್ ಹೋಲ್ ಇಲ್ಲದೆ ಬರುತ್ತದೆ. ಆದ್ದರಿಂದ ಜಿಪ್ ಮಾಡಿದ ನಂತರ ಅದೇ ಜಿಪ್ಪನ್ನು ಗರ್ಬರ್ ವೀಕ್ಷಕದಲ್ಲಿ ತೆರೆದು ನಾಲ್ಕು ತೂತುಗಳನ್ನು ಕಣ್ಣಾರೆ ಎಣಿಸಿ ಕಳುಹಿಸಿ.

ಬೋರ್ಡು ಬಂದ ದಿನ ಬಿಡಿಭಾಗ ಹಾಕುವ ಮೊದಲು ಖಾಲಿ ಬೋರ್ಡನ್ನೇ ಪೆಟ್ಟಿಗೆಯ ಸ್ಪೇಸರ್‌ಗಳ ಮೇಲೆ ಇಡಿ. ನಾಲ್ಕು ಸ್ಕ್ರೂಗಳನ್ನೂ ಬೆರಳಿನಲ್ಲಿ ತಿರುಗಿಸಿ ಹಿಡಿಸಿ, ಯಾವುದನ್ನೂ ಇನ್ನೂ ಬಿಗಿಯಬೇಡಿ. ಯಾವುದಕ್ಕೂ ಬೋರ್ಡನ್ನು ಒತ್ತಿ ಸರಿಸಬೇಕಾಗಿ ಬರಬಾರದು. ನಂತರ ಎದುರು ಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದು, ಉಕ್ಕಿನ ಅಳತೆಪಟ್ಟಿಯ ಅಂಚನ್ನು ಬೋರ್ಡಿನ ಮೇಲೆ ಕರ್ಣಕ್ಕೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಅಡಿಯಲ್ಲಿ ಬೆಳಕಿನ ಗೆರೆ ಕಾಣದಿದ್ದರೆ ಬೆಸುಗೆ ಕಾಯಿಸಬಹುದು.